ಊರ ಗಂಟೆ

ಕುವೈತಿನ ಮಹಬೂಲಾದಲ್ಲಿ ಎ.ಸಿ.ಗಳ ಗುಂಯ್ ಎಂಬ ಸದ್ದು ಮೇ ತಿಂಗಳಲ್ಲಿ ಹತ್ತಿಕೊಂಡರೆ ಸೆಕೆ ಮುಗಿಯುವವರೆಗೆ ನಿಲ್ಲುವುದಿಲ್ಲ. ಕಿಟಕಿ ಕಿಟಕಿಗೂ ಸಿಕ್ಕಿಸಿದ ಪೆಟ್ಟಿಗೆಗಳು ಗೋಡೆಯನ್ನು ನಡುಗಿಸುತ್ತ ಗೊಣಗುತ್ತಲೇ ಇರುತ್ತವೆ. ಅಲ್ಲಿ ವಾಸ ಇರುವವರಿಗೆ ಅದು ಕೇಳಿಸುವುದೂ ಇಲ್ಲ. ಆ ಶುಕ್ರವಾರ ಮಧ್ಯಾಹ್ನ ಪುರಂದರನಿಗೆ ಎಚ್ಚರವಾದದ್ದು ಆ ಸದ್ದು ನಿಂತದ್ದರಿಂದ. ಎದ್ದು ಕುಳಿತ. ಇಡೀ ಬೀದಿ ಒಮ್ಮೆಗೇ ಉಸಿರು ಬಿಗಿಹಿಡಿದ ಹಾಗಿತ್ತು. ಬಾಲ್ಕನಿಗೆ ಬಂದವರು ಕೆಳಗೆ ನೋಡಿ, ಪಕ್ಕದ ಅಬು ಹಲೀಫಾದವರೆಗೂ ಕರೆಂಟಿಲ್ಲವಂತೆ ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡರು.

ಸ್ವಲ್ಪ ಹೊತ್ತಿನಲ್ಲಿ ಕರೆಂಟು ಬಂತು. ಪೆಟ್ಟಿಗೆಗಳು ಮತ್ತೆ ಗೊಣಗಿದವು. ಜೊತೆಗೇ ಪುರಂದರನ ಫೋನೂ ಬಡಿದುಕೊಂಡಿತು. ಕೆಳಗಿನ ದಿನಸಿ ಅಂಗಡಿಯ ಅಲಿಕುಂಞಿ.

"ಪುರಂದರಣ್ಣ, ಕರೆಂಟು ಬಂತು, ಬಾಕ್ಸ್ ಬರ್ಲಿಲ್ಲ."

"ವಯರ್ ತೆಗೆದು ಪುನಃ ಹಾಕು ಮಾರಾಯ."

"ಹಾಕಿ ಹಾಕಿ ಕೈ ಸೋತಿತು. ಟಿ.ವಿ.ಯಲ್ಲಿ ಆ ಚಕ್ರ ತಿರುಗ್ತಾನೇ ಉಂಟು. ಈಗ ಅದಕ್ಕೇ ತಲೆಸುತ್ತು ಬಂದಿರ್ಬೇಕು."

"ಅಂಗಡಿಯಲ್ಲಿ ಟಿ.ವಿ. ನೋಡಿದ್ರೆ ವ್ಯಾಪಾರ ಯಾರು ಮಾಡುದು? ಆಮೇಲೆ ಬರ್ತೇನೆ."

ಪುರಂದರ ವಾರವೆಲ್ಲ ಮಿರ್ಕಾಬಿನ ಒಂದು ಆಫೀಸಿನ ಡ್ರೈವರ್. ಶುಕ್ರವಾರ ಮಾತ್ರ ಊರಿನವರ ಬಾಕ್ಸ್ ಡಾಕ್ಟರ್. ಬಾಕ್ಸ್ ಎಂದರೆ ಟಿ.ವಿ.ಯ ಪಕ್ಕದಲ್ಲಿಡುವ, ಸೋಪಿನ ಡಬ್ಬಿಯಷ್ಟೇ ಇರುವ ಕಪ್ಪು ಪೆಟ್ಟಿಗೆ. ಇಂಟರ್‌ನೆಟ್ಟಿನಿಂದ ಮಂಗಳೂರಿನ ಕೇಬಲ್ ಚಾನೆಲ್ಲನ್ನು ಕುವೈತಿನ ಗೋಡೆಗೆ ತಂದು ಹಾಕುತ್ತಿದ್ದುದು ಅದೇ. ಊರಿನ ಮದುವೆಗಳನ್ನು ನೇರಪ್ರಸಾರ ಮಾಡುವ ಆ ಚಾನೆಲ್ ಆಗ ಫೋನಿನಲ್ಲಿ ಸಿಗುತ್ತಿರಲಿಲ್ಲ. ಯಾರೂ ಕಲಿಸದೆ, ತನ್ನ ಬಾಕ್ಸನ್ನೇ ಕೆಡಿಸಿ ಸರಿಮಾಡಿ ಅವನು ಅದರ ರೋಗಗಳನ್ನು ತಿಳಿದುಕೊಂಡಿದ್ದ. ಚಿತ್ರ ಇದ್ದು ಮಾತಿಲ್ಲದಿದ್ದರೆ ಹೀಗೆ, ರಿಮೋಟ್ ಕೇಳದಿದ್ದರೆ ಹಾಗೆ, ನಡುನಡುವೆ ನಿಂತರೆ ರೂಟರನ್ನು ಹತ್ತಿರ ತಾ.

ಇದೆಲ್ಲವನ್ನೂ ಬೇರೆಯವರೂ ಮಾಡುತ್ತಿದ್ದರು. ಪುರಂದರನದೇ ಎನ್ನುವಂಥದ್ದು ಒಂದಿತ್ತು, ಊರ ಗಂಟೆ.

ಅವನ ಹೆಂಡತಿ ಕುಸುಮಾವತಿ, ಮಗಳು ಅಪೇಕ್ಷಾ ಇಬ್ಬರೂ ಮೂಲ್ಕಿಯಲ್ಲಿ. ಕೈಗಡಿಯಾರದಲ್ಲಿ ಇಲ್ಲಿನ ಗಂಟೆ ನೋಡಿ, ಅದಕ್ಕೆ ಎರಡೂವರೆ ಕೂಡಿಸಿ, ಈಗ ಅಪೇಕ್ಷಾ ಶಾಲೆಯಿಂದ ಬಂದಳು, ಈಗ ಊಟಕ್ಕೆ ಕೂತಳು ಎಂದು ಲೆಕ್ಕಹಾಕುವುದು ಅವನಿಗೆ ಅಭ್ಯಾಸವಾಗಿತ್ತು. ಹಿಂದಿನ ಚಳಿಗಾಲದಲ್ಲಿ ಒಂದು ದಿನ ಹಾಗೆ ಕೂಡಿಸುವುದೇ ಬೇಸರವಾಗಿ, ಬಾಕ್ಸಿನ ಗಂಟೆಯನ್ನು ತಾನೇ ಮುಂದಕ್ಕೆ ತಿರುಗಿಸಿಟ್ಟ. ಅಂದಿನಿಂದ ಟಿ.ವಿ.ಯ ಮೂಲೆಯಲ್ಲಿ ಸಣ್ಣಗೆ ಊರಿತ್ತು. ನೋಡಿದವರೆಲ್ಲ ತಮಗೂ ಬೇಕೆಂದರು. ಅವನು ಮನೆಮನೆಗೆ ಹೋಗಿ, ಗಂಟೆ ತಾನಾಗಿಯೇ ಸರಿಹೊಂದುವ ಏರ್ಪಾಡನ್ನು ತೆಗೆದು, ಕೈಯಿಂದ ಊರ ಗಂಟೆ ಒತ್ತಿ ಕೊಟ್ಟುಬಂದ. ಮೊದಲು ಕೇಳಿದವಳು ಬೆಟ್ಟಿ ಬಾಯಿ.

ಅಲಿಕುಂಞಿಯ ಫೋನು ಇಟ್ಟ ಕೂಡಲೇ ಬಂದದ್ದು ಅವಳದೇ ಫೋನು.

"ಪುರಂದರ, ಬಾಕ್ಸ್ ಬರುದಿಲ್ಲ." ಆಮೇಲೆ, "ಇವತ್ತು ರೋಸ್ ಅಲ್ವಾ."

ಅವನು ಅಂಗಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದ.

ಬೆಟ್ಟಿ ಅಬು ಹಲೀಫಾದಲ್ಲಿ ಒಂದು ಕ್ಲಿನಿಕ್ಕಿನ ಆಯಾ. ಮಗಳು ಫ್ರೀಡಾಳ ಮದುವೆ ಮಂಗಳೂರಿನ ಬಿಜೈಯಲ್ಲಿ, ಮರುದಿನ. ಕಂಪೆನಿಯ ಕಾಗದಪತ್ರ ಸರಿಯಿಲ್ಲದೆ ಬೆಟ್ಟಿಯ ವಾಸದ ಪರವಾನಗಿ ಇಕಾಮಾ ನವೀಕರಣಕ್ಕೆ ಹೋದದ್ದು ಬರಲೇ ಇಲ್ಲ. ಈಗ ಹೊರಟರೆ ಮತ್ತೆ ಒಳಗೆ ಬರುವ ದಾರಿಯಿಲ್ಲ. ರೋಸ್ ಎಂದರೆ ಮಂಗಳೂರಿನ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರ. ಮೊದಲು ಫ್ರೀಡಾಳ ಅಪ್ಪ ಹರ್ಬರ್ಟ್, ಆಮೇಲೆ ಅಮ್ಮ. ಅಮ್ಮನ ಪಾಲಿನದನ್ನು ನಾದಿನಿ ಲೊರೈನ್ ಹಚ್ಚುವುದು, ಚಾನೆಲ್ಲಿನಲ್ಲಿ ಅದನ್ನು ನೋಡುತ್ತಾ ಬೆಟ್ಟಿ ಇಲ್ಲಿಂದ ಕೈಯೆತ್ತುವುದು ಎಂದು ಮಾತಾಗಿತ್ತು.

ಪುರಂದರ ಅವಳ ರೂಮಿನೊಳಗೆ ಬಂದಾಗ ಬೆಟ್ಟಿ ಸೀರೆ ಉಟ್ಟು ಕೂತಿದ್ದಳು. ಟಿ.ವಿ.ಯ ಮುಂದೆ ಟೀಪಾಯಿ, ಅದರ ಮೇಲೆ ಸ್ಟೀಲಿನ ಬಟ್ಟಲು, ಬಟ್ಟಲಿನ ಮೇಲೆ ಮಡಿಸಿದ ಕರ್ಚೀಫು.

"ಇದೆಂತ ಬಾಯಿ?"

"ತೆಂಗಿನ ಹಾಲು." ಅವಳಿಗೆ ನಾಚಿಕೆಯಾಯಿತು. "ಟಿ.ವಿ. ಹಾಳಾಗ್ತದಾ, ಒಂದು ಬೆರಳು ಮುಟ್ಟಿಸಿದ್ರೆ?"

"ಹಾಳಾದ್ರೆ ನಾನಿಲ್ವಾ," ಎಂದ ಪುರಂದರ.

ಬಾಕ್ಸ್ ಹತ್ತಿಕೊಂಡಿತ್ತು. ದೀಪ ಸರಿಯಿತ್ತು. ಚಾನೆಲ್ ಒತ್ತಿದರೆ ಚಕ್ರ ತಿರುಗಿ, ಸಂಪರ್ಕವಿಲ್ಲ ಎಂಬ ಒಂದು ಸಾಲು ಬರುತ್ತಿತ್ತು. ಅವನು ಟಿ.ವಿ.ಯ ಹಿಂದಿನ ಕೇಬಲ್ ಬಿಚ್ಚಿ ಹಾಕಿದ. ರೂಟರ್ ಆರಿಸಿ ಹೊತ್ತಿಸಿದ. ವೈಫೈ ಪಾಸ್‌ವರ್ಡನ್ನು ಮತ್ತೆ ಒತ್ತಿದ. ತನ್ನ ಫೋನಿನಲ್ಲಿ ನೋಡಿದರೆ ನೆಟ್ ಸರಿಯಾಗಿಯೇ ಇತ್ತು. ಬಾಕ್ಸನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಬಹುದಿತ್ತು. ಆದರೆ ಆಗ ಚಾನೆಲ್ಲಿನ ಕೋಡನ್ನು ಏಜೆಂಟನಿಂದ ಮತ್ತೆ ಕೇಳಬೇಕು, ಶುಕ್ರವಾರ ಅವನು ಫೋನು ಎತ್ತುವವನಲ್ಲ. ಅಷ್ಟರಲ್ಲಿ ಬೇರೆ ಎರಡು ಮನೆಯವರ ಕರೆಯೂ ಬಂತು. ಅವರದೂ ಇದೇ ಕತೆ.

ಬೆಟ್ಟಿಯ ಹಳೆಯ ಬಟನ್ ಫೋನು ಹೊಡೆದುಕೊಂಡಿತು. ಲೊರೈನ್. ಅವಳ ದನಿಗಿಂತ ಮೊದಲು ಹೆಂಗಸರ ಹಾಡು ಕೇಳಿತು, ಯಾರೋ ನಗುತ್ತಿದ್ದುದು, ಪಾತ್ರೆ ಇಟ್ಟ ಸದ್ದು.

"ಬೆಟ್ಟಿ, ಹರ್ಬರ್ಟನದ್ದು ಆಗ್ತಾ ಬಂತು. ಇನ್ನು ನಿನ್ನದು. ಕಾಣ್ತಾ ಉಂಟಲ್ಲ ನಿಂಗೆ?"

ಬೆಟ್ಟಿ ಪುರಂದರನ ಬೆನ್ನು ನೋಡಿದಳು. ಅವನು ತಿರುಗಲಿಲ್ಲ.

"ಒಂದು ಚೂರು ನಿಲ್ಲು," ಎಂದಳು.

"ಹಾಡುವವರು ಹಾಡು ಮುಗಿಸಿ ಕಾಯ್ತಾ ಇದ್ದಾರೆ. ಹುಡುಗಿ ಹಾಲಲ್ಲಿ ಚಂಡಿಯಾಗಿ ಕೂತು ನಡುಗ್ತಾ ಉಂಟು. ಅಮ್ಮನಿಗೆ ಕಾಣ್ತಾ ಉಂಟಾ ಅಂತ ಅದು ಕೇಳಿ ಕೇಳಿ ನನ್ನ ತಲೆ ತಿಂತು."

ಬೆಟ್ಟಿ ಬಟ್ಟಲಿನ ಮೇಲಿನ ಕರ್ಚೀಫು ತೆಗೆದಳು.

"ಕಾಣ್ತಾ ಉಂಟು ಹೇಳು. ಎಲ್ಲ ಕಾಣ್ತಾ ಉಂಟು. ಹಚ್ಚು, ಲೊರೈನ್."

ಪುರಂದರ ತಿರುಗಿ ನೋಡಿದ. ಟಿ.ವಿ.ಯಲ್ಲಿ ಚಕ್ರ ತಿರುಗುತ್ತಿತ್ತು. ಫೋನಿನಲ್ಲಿ ಹಾಡು ಎದ್ದಿತು. ಬೆಟ್ಟಿ ಬೆರಳು ಅದ್ದಿ, ಆ ಚಕ್ರದ ಮುಂದೆ ಕೈಯೆತ್ತಿ, ಎಲ್ಲಿ ಮುಟ್ಟಿಸಬೇಕೆಂದು ತಿಳಿಯದೆ ಹಾಗೆಯೇ ಹಿಡಿದಳು. ಹಾಲು ಮಣಿಕಟ್ಟಿನವರೆಗೆ ಹರಿಯಿತು.

ಪುರಂದರ ಬಾಗಿಲ ಬಳಿ ಹೋಗಿ ತನ್ನ ಪಕ್ಕದ ರೂಮಿನ ಸ್ಟ್ಯಾನಿಗೆ ಫೋನು ಮಾಡಿದ.

"ನಿನ್ನ ಬಾಕ್ಸ್ ಬರ್ತದಾ?"

"ಬರದೆ ಎಂತ? ಬೆಟ್ಟಿ ಬಾಯಿ ಮಗಳ ರೋಸ್ ನೋಡ್ತಾ ಇದ್ದೇನೆ. ಆ ಹುಡುಗಿ ಈಗ ಕ್ಯಾಮೆರಾ ನೋಡಿ ಕೈ ಮುಗಿದಳು ಮಾರಾಯ, ನಂಗೇ ಒಂದು ತರ ಆಯ್ತು."

"ಕರೆಂಟು ಹೋದ ಮೇಲೆ ಎಂತ ಮಾಡಿದಿ ಅದಕ್ಕೆ?"

"ಏನೂ ಇಲ್ಲ. ನೀನು ಕೈ ಹಾಕದ ಬಾಕ್ಸ್ ಇದು, ಹಾಳಾಗುದು ಹೇಗೆ?" ಸ್ಟ್ಯಾನಿ ನಕ್ಕ. "ಊರ ಗಂಟೆ ಇಡ್ತೇನೆ ಅಂತ ಹಿಂದೆ ಬಿದ್ದಿದ್ದಿಯಲ್ಲ, ಬೇಡ ಅಂದದ್ದು ಒಳ್ಳೇದಾಯ್ತು. ಒಂದು ಗಂಟೆ ನೋಡಿಯೇ ನಾನು ಡ್ಯೂಟಿಗೆ ಲೇಟ್."

ಪುರಂದರ ಫೋನು ಕಿವಿಯಲ್ಲಿಟ್ಟುಕೊಂಡೇ ಟಿ.ವಿ.ಯ ಮೂಲೆ ನೋಡಿದ. ಅಲ್ಲಿ ಊರ ಗಂಟೆ ಇರಲಿಲ್ಲ. ತಾರೀಕು ತೆರೆದು ನೋಡಿದರೆ ಜನವರಿ ಒಂದು, ಎಷ್ಟೋ ವರ್ಷ ಹಿಂದಿನದು. ಫ್ರೀಡಾ ಇನ್ನೂ ಹೈಸ್ಕೂಲಿನಲ್ಲಿದ್ದ ಕಾಲ.

ಅವನಿಗೆ ಅರ್ಥವಾಯಿತು. ಕರೆಂಟು ಹೋದರೆ ಈ ಪೆಟ್ಟಿಗೆಗೆ ಗಂಟೆ ನೆನಪಿರುವುದಿಲ್ಲ. ಕರೆಂಟು ಬಂದ ಮೇಲೆ ಅದು ನೆಟ್ಟನ್ನು ಕೇಳಿ ತಿಳಿದುಕೊಳ್ಳುತ್ತದೆ. ಹಾಗೆ ಕೇಳುವುದನ್ನು ಅವನು ಮನೆಮನೆಯಲ್ಲಿ ನಿಲ್ಲಿಸಿ ಬಂದಿದ್ದ. ಯಾವುದೋ ಹಳೆಯ ವರ್ಷದಲ್ಲಿ ಕೂತ ಬಾಕ್ಸಿಗೆ ಇವತ್ತಿನ ಚಾನೆಲ್ಲಿನ ಗುರುತು ಹತ್ತುವುದಿಲ್ಲ, ಅದು ಬಾಗಿಲು ತೆರೆಯುವುದಿಲ್ಲ. ಅಂದಿನಿಂದ ಈವರೆಗೆ ಕರೆಂಟು ಹೋಗಿರಲಿಲ್ಲವಾದ್ದರಿಂದ ಯಾರಿಗೂ ತಿಳಿದಿರಲಿಲ್ಲ.

ಅವನು ಏರ್ಪಾಡಿನ ಪುಟ ತೆರೆದು, ಗಂಟೆ ತಾನಾಗಿಯೇ ಬರಲಿ ಎಂಬಲ್ಲಿ ಒತ್ತಿದ. ಅದರ ಕೆಳಗೇ ಇನ್ನೊಂದು ಸಾಲಿತ್ತು: ಯಾವ ದೇಶದ ಗಂಟೆ ಬೇಕು. ಅವನು ಅದನ್ನು ಎಂದೂ ತೆರೆದು ನೋಡಿರಲಿಲ್ಲ. ತೆರೆದರೆ ಅದರಲ್ಲಿ ಭಾರತವೂ ಇತ್ತು. ಅಷ್ಟು ಮಾಡಿದ್ದರೆ ಸಾಕಿತ್ತು. ಅವನ ಕೈ ರಿಮೋಟಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಒತ್ತಿದ.

ಚಕ್ರ ನಿಂತಿತು. ಚಪ್ಪರದ ಬಣ್ಣದ ಬಟ್ಟೆ ಕಾಣಿಸಿತು, ದೀಪಗಳು ಕಾಣಿಸಿದವು. ಫ್ರೀಡಾ ಎದ್ದಾಗಿತ್ತು. ಯಾರೋ ಹೆಗಲ ಮೇಲೆ ಟವೆಲು ಹೊದಿಸಿ ಅವಳನ್ನು ಸ್ನಾನಕ್ಕೆ ಕರೆದೊಯ್ಯುತ್ತಿದ್ದರು. ಒದ್ದೆ ಕೂದಲು, ಬೆನ್ನು, ನೆಲದ ಮೇಲೆ ಹಾಲಿನ ಹೆಜ್ಜೆಗಳು. ಬೆಟ್ಟಿ ಮುಂದೆ ಬಾಗಿ ಆ ಬೆನ್ನಿಗೆ ಬೆರಳು ಮುಟ್ಟಿಸಿ ಶಿಲುಬೆಯ ಗುರುತು ಬರೆಯುವಷ್ಟರಲ್ಲಿ ಫ್ರೀಡಾ ಚಪ್ಪರ ದಾಟಿದಳು. ಗಾಜಿನ ಮೇಲೆ ಬಿಳಿ ಗೆರೆ ಉಳಿಯಿತು. ಅದರ ಹಿಂದೆ ಖಾಲಿ ಮಣೆ.

"ಬಂತಲ್ಲ," ಎಂದಳು ಬೆಟ್ಟಿ. ಬಹಳ ಹೊತ್ತು ಅದನ್ನೇ ನೋಡಿದಳು. "ಕೂದಲು ಎಷ್ಟು ಉದ್ದ ಬಿಟ್ಟಿದ್ದಾಳೆ ನೋಡು. ನಂಗೆ ಹೇಳ್ಲಿಲ್ಲ."

ಪುರಂದರ ಬಿಚ್ಚಿದ ವಯರನ್ನು ಸುತ್ತುತ್ತಿದ್ದ.

"ತಪ್ಪು ನನ್ನದೇ," ಎಂದಳು ಅವಳು. "ಕರೆಂಟು ಹೋದಾಗ ಗಾಬರಿಯಲ್ಲಿ ನಾನು ಅದರ ಪ್ಲಗ್ ಎಳೆದೆ. ಹಾಗೆ ಎಳೀಬಾರ್ದು ಅಲ್ವಾ? ಪಾಪ, ರಜೆಯ ದಿನ ನಿನ್ನನ್ನು ಓಡಿಸಿದೆ."

"ಇಲ್ಲ ಬಾಯಿ."

"ನಾಳೆ ಮದುವೆಗಾದರೂ ಬರ್ತದಲ್ಲ?"

"ಬರ್ತದೆ. ಇನ್ನು ಹೋಗುದಿಲ್ಲ."

"ಗಂಟೆ ಊರಿನದೇ ಉಂಟಲ್ಲ? ಅದೊಂದು ತೆಗೀಬೇಡ ಮಾರಾಯ. ನಂಗೆ ಅದೇ ಒಂದು."

ಅವನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅವನು ಎತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತ. ಬೆಟ್ಟಿ ಸೆರಗಿನ ತುದಿಯಿಂದ ಗಾಜಿನ ಮೇಲಿನ ಹಾಲು ಒರೆಸಲು ಹೋಗಿ, ಒರೆಸದೆ ಕೈ ಹಿಂದಕ್ಕೆ ತೆಗೆದಳು.

"ಬಾಯಿ," ಎಂದ ಪುರಂದರ, "ಅದು ಪ್ಲಗ್ ಎಳೆದದ್ದರಿಂದ ಅಲ್ಲ. ಆ ಗಂಟೆ ಉಂಟಲ್ಲ, ಅದನ್ನು ನಾನೇ ಅವತ್ತು..." ಎನ್ನುತ್ತಲೇ, ಅವಳು ಮುಖ ತಿರುಗಿಸುವಷ್ಟರಲ್ಲಿ, ಮೆಟ್ಟಿಲಿಳಿದು ಹೋದ.