ಹಲಸಿನ ಬುಡಕ್ಕೆ ಹಾಕಿಸಿದ ಗೋಡು

ನಮ್ಮ ಮನೆ ಮುಂದಿನ ಹಲಸಿನ ಮರವನ್ನು ಕೊಂದವಳು ನಾನು. ಸೊಸೆಯ ಸೋಪಿನ ನೀರಲ್ಲ, ಯಾರ ಕೆಟ್ಟ ಕಣ್ಣೂ ಅಲ್ಲ. ನಾನು ಹಾಕಿಸಿದ ಒಂದು ಟ್ರ್ಯಾಕ್ಟರ್ ಮಣ್ಣು.

ಆ ಬೇಸಿಗೆಯಲ್ಲಿ ಕೆರೆ ಒಣಗಿತ್ತು, ಊರವರೆಲ್ಲ ಗೋಡು ಹೊಡೆಸುತ್ತಿದ್ದರು. ಕೆರೆಯ ತಳದ ಆ ಕಪ್ಪು ಮಣ್ಣನ್ನು ತೆಂಗಿನ ಬುಡಕ್ಕೆ ಏರಿಸಿದರೆ ಮರ ಹೊಸ ಬೇರು ಬಿಟ್ಟು ಗಟ್ಟಿಯಾಗುತ್ತದೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ತೋಟಕ್ಕೆಲ್ಲ ಆಗಿ ಒಂದು ಲೋಡು ಉಳಿಯಿತು. ಹಲಸೇನು ಪಾಪ ಮಾಡಿದೆ ಎಂದು ಅದರ ಬುಡಕ್ಕೆ ಸುರಿಸಿ, ಮೊಣಕಾಲೆತ್ತರಕ್ಕೆ ಕಟ್ಟೆಯ ಹಾಗೆ ಮೆತ್ತಿಸಿದೆ. ನೋಡಲು ಚೆನ್ನಾಗಿಯೇ ಇತ್ತು.

ಸೊಸೆ ಬಂದದ್ದೂ ಅದೇ ವರ್ಷ. ಮರದ ಕೆಳಗಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಮರುವರ್ಷ ಕಾಯಿ ಪೀಚಾದವು. ಆಮೇಲೆ ತುದಿಯ ರೆಂಬೆಗಳು ಒಣಗಿದವು.

"ನಿನ್ನ ಸೋಪಿನ ನೀರು ಕಣೇ, ಮರಕ್ಕೆ ಆಗ್ತಿಲ್ಲ" ಎಂದೆ.

ಅವಳು ಬಕೆಟ್ಟು ಎತ್ತಿಕೊಂಡು ಬೋರಿನ ಹತ್ತಿರ ಬಿಸಿಲಿಗೆ ಹೋದಳು. ನನ್ನ ಮಾತಿಗೆ ಬೀದಿಯ ಹೆಂಗಸರು ಉಪ್ಪು ಖಾರ ಹಚ್ಚಿದರು: ಆ ಹುಡುಗಿಯ ಕೈಗುಣವೇ ಸರಿಯಿಲ್ಲವಂತೆ. ನಮ್ಮತ್ತೆ ಮುಸುರೆ ನೀರು, ಬಟ್ಟೆ ಒಗೆದ ನೀರು ಹಾಕಿಯೇ ಆ ಮರ ಬೆಳೆಸಿದ್ದಳು. ಅದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ ಉಳಿದಿದ್ದೆ. ಬಾಯಿ ಬಿಡಲಿಲ್ಲ.

ಮೂರನೆಯ ವರ್ಷ ಎಲೆಯೇ ಬರಲಿಲ್ಲ. ಮರ ಕುಯ್ಯುವವನನ್ನು ಕರೆಸಿದೆ. ಅವನು ಮೆಷಿನ್ನು ಇಡಲು ಬುಡದ ಮಣ್ಣನ್ನು ಒಂದು ಕಡೆ ಕೆರೆದ. ತೊಗಟೆ ಕರ್ರಗೆ ಕೊಳೆತು ಅವನ ಬೆರಳಿಗೆ ಅಂಟಿಕೊಂಡು ಬಂತು.

"ಅಲ್ಲ ಕಣಜ್ಜಿ, ಕುತ್ತಿಗೆಗಂಟ ಹೂತಿದ್ದೀರಲ್ಲ. ಹಿಂಗೆ ಮಣ್ಣೇರಿಸಿದ್ರೆ ತೆಂಗು ತಡಕಂತದೆ, ಹಲಸು ತಡೀತದಾ? ಉಸ್ರು ಕಟ್ಟಿ ಸತ್ತದೆ."

"ಕುಯ್ಯಕ್ಕೆ ಬಂದೋನು ಕುಯ್ದು ಹೋಗು" ಎಂದೆ. ಅವನು ಕುಯ್ದು, ಮೋಟು ಬಿಟ್ಟು ಹೋದ ಮೇಲೆ ಆ ಮಣ್ಣನ್ನು ಕಾಲಲ್ಲೇ ಎಳೆದು ಮುಚ್ಚಿದೆ.

ಮರ ಮಾತ್ರ ಹೋಗಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹಸು, ಮೊದಲು ನೆರಳು ಬೀಳುತ್ತಿದ್ದ ಜಾಗದಲ್ಲೇ ಹೋಗಿ ನಿಲ್ಲುತ್ತಿತ್ತು; ಹೊತ್ತು ವಾಲಿದ ಹಾಗೆ ಅದೂ ಸರಿಯುತ್ತಿತ್ತು. ಹಣ್ಣಿನ ಕಾಲ ಬಂದಾಗ ಅಂಗಳದ ತುಂಬ ಹಲಸಿನ ವಾಸನೆ. ಬೀದಿಯಲ್ಲಿ ಯಾರ ಮನೆಯಲ್ಲೂ ಹಣ್ಣು ಕೊಯ್ದಿರಲಿಲ್ಲ. ಹೋಗಿ ವಿಚಾರಿಸಿ ಬಂದೆ. ದೆವ್ವ ಭೂತ ನಂಬುವವಳಲ್ಲ ನಾನು. ವಾಸನೆ ಬರುತ್ತಿತ್ತು, ಅಷ್ಟೇ.

"ಅತ್ತೆ, ಹಣ್ಣಿನ ವಾಸ್ನೆ ಬತ್ತದಲ್ವಾ?" ಸೊಸೆ ಕೇಳಿದಳು.

"ನಂಗೇನೂ ಬತ್ತಿಲ್ಲ. ಒಲೆ ಮೇಲೆ ಏನಿಟ್ಟಿದ್ದೀಯ ನೋಡೋಗು."

ಅವಳ ಮುಖ ಬಿಳಚಿಕೊಂಡಿತು. ತನಗೊಬ್ಬಳಿಗೇ ಬರುತ್ತಿದೆ ಎಂದುಕೊಂಡಳು.

ಈ ಮುಂಗಾರಿಗೆ ಮಗ ತಿಪಟೂರಿನ ನರ್ಸರಿಯಿಂದ ಹಲಸಿನ ಕಸಿ ಗಿಡ ತಂದ. ಸಂಜೆ ಗುಂಡಿ ತೆಗೆದು, ಗಿಡ ಹಿಡಿದುಕೊಳ್ಳಲು ಹೆಂಡತಿಯನ್ನು ಕರೆದ. ಅವಳಿಗೆ ಆಗ ಏಳು ತಿಂಗಳು. ಹೊಸ್ತಿಲು ದಾಟಲಿಲ್ಲ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಾನು ಮುಟ್ಟಕಿಲ್ಲ. ಇದೂ ಹೋದ್ರೆ, ನಾಳೆ ನನ್ ಮಗೂನೂ ಎತ್ಕಬ್ಯಾಡ ಅಂತಾರೆ."

ಆಗ ಹೇಳಿದೆ. ಮಣ್ಣು ಹಾಕಿಸಿದ್ದು, ತೊಗಟೆ ಕೊಳೆತದ್ದು, ನಾನು ಮುಚ್ಚಿದ್ದು, ವಾಸನೆ ನನಗೂ ಬಂದದ್ದು. ಮಗ ಗುದ್ದಲಿ ಕೆಳಗಿಟ್ಟ. ಸೊಸೆ ನನ್ನ ಕಡೆ ನೋಡಲಿಲ್ಲ.

"ಮೂರು ವರ್ಷ ಅತ್ತೆ" ಎಂದಳು. ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ, ಬಾಗಿಲಿಗೆ ನೀರು ಹಾಕುವ ಹೊತ್ತಿಗೆ, ಗುದ್ದಲಿ ಹಿಡಿದು ಮೋಟಿನ ಸುತ್ತಲ ಗೋಡನ್ನೆಲ್ಲ ಎಳೆದು ಹಾಕಿದೆ. ಕೊಳೆತದ್ದು ಸುತ್ತಲೂ ಕಾಣುವಂತಾಯಿತು. ಎದುರು ಮನೆಯವಳು, ಪಕ್ಕದ ಮನೆಯವಳು ರಂಗೋಲಿ ಬಿಡುತ್ತಿದ್ದರು. ಇಬ್ಬರನ್ನೂ ಕರೆದೆ.

"ಸತ್ತೋದ ಮರ, ಈಗ್ಯಾಕಜ್ಜಿ? ಮುಚ್ಚಾಕಿ ಬುಡು" ಎಂದಳು ಎದುರು ಮನೆಯವಳು.

"ಬಗ್ಗಿ ನೋಡ್ರವ್ವ. ಇದು ನನ್ ಕೈ ಮಾಡಿದ್ದು. ನೀವು ನನ್ ಸೊಸೆ ಕೈಗುಣದ ಮಾತಾಡ್ಕಂಡು ತಿರುಗಿದ ಮನೆಗೆಲ್ಲ ಹೋಗಿ ಇದ್ನೂ ಹೇಳಿ."

ಅವರಿಬ್ಬರೂ ಬಗ್ಗಿ ನೋಡುವವರೆಗೆ ನಾನು ದಾರಿ ಬಿಡಲಿಲ್ಲ.