ಮೇಡಂ ಕುಡಿದ ಅಯೋಡಿನ್

ಹೋದ ವಾರ ಮಗಳು ಸೈಕಲ್‌ನಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಕ್ಲಿನಿಕ್‌ನಲ್ಲಿ ನರ್ಸ್ ಗಾಯಕ್ಕೆ ಕಂದು ಬಣ್ಣದ ಅಯೋಡಿನ್ ಹಚ್ಚಿದಾಗ ಆ ಘಾಟಿಗೆ ದೊಡ್ಡಬಳ್ಳಾಪುರದ ನಮ್ಮ ವಿಜ್ಞಾನದ ಮೇಡಂ ನೆನಪಾದರು...

ಅವರು ನಮ್ಮ ಎದುರು ಮನೆಯವರೂ ಹೌದು, ಸಂಜೆ ಅಲ್ಲಿಗೇ ನಾನು ಟ್ಯೂಷನ್‌ಗೆ ಹೋಗುತ್ತಿದ್ದೆ. ಬೀದಿಯ ತುಂಬ ಪವರ್‌ಲೂಮ್ ಸದ್ದು. ಅದನ್ನು ಮೀರಿ ಮಾತಾಡಿ ಅವರ ದನಿ ಸದಾ ಏರಿಯೇ ಇರುತ್ತಿತ್ತು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ವಿಕಿರಣ ಸೂಸುವ ಅಯೋಡಿನ್ ಕುಡಿಸಿ, ಕೆಲವು ದಿನ ಒಂಟಿ ಕೋಣೆಯಲ್ಲಿಟ್ಟು ಮನೆಗೆ ಕಳಿಸಿದರು. ಮನೆಯಲ್ಲೂ ಕೆಲವು ವಾರ ಮಕ್ಕಳಿಂದ ದೂರವಿರಬೇಕೆಂದು ಡಾಕ್ಟರು ಹೇಳಿದ್ದರು. ಆ ಅವಧಿ ಮುಗಿದ ಮೇಲೂ ಬೀದಿಯವರು ಹತ್ತಿರ ಹೋಗಲಿಲ್ಲ.

“ಆಯಮ್ಮನ ಮೈಯೆಲ್ಲಾ ವಿಷವಂತೆ ಕಣೇ. ಟ್ಯೂಷನ್ನೂ ಬೇಡ, ಏನೂ ಬೇಡ,” ಅಂದಳು ಅಮ್ಮ.

ಮೇಡಂ ಶಾಲೆಗೆ ಮರಳಿದ ದಿನ ಮುಂದಿನ ಬೆಂಚುಗಳು ಖಾಲಿಯಿದ್ದವು. ನಾವೆಲ್ಲ ಹಿಂದೆ ಒತ್ತಿಕೊಂಡು ಕೂತಿದ್ದೆವು. ಅವರು ನೋಡಿದರು, ಬಯ್ಯಲಿಲ್ಲ. ಆಪರೇಷನ್ ಆದಮೇಲೆ ದನಿ ಒಡೆದು ಪಿಸುಮಾತಾಗಿತ್ತು. ಬೋರ್ಡಿನ ಮೇಲೆ ಅಯೋಡಿನ್ ಎಂದು ಎರಡು ಸಲ ಬರೆದು, ಮೊದಲನೆಯದನ್ನು ತೋರಿಸಿದರು.

“ಇದು ಉಪ್ಪಲ್ಲಿರೋದು. ಪ್ರೋಟಾನ್ ಐವತ್ಮೂರು, ನ್ಯೂಟ್ರಾನ್ ಎಪ್ಪತ್ನಾಲ್ಕು. ಕೂಡಿದ್ರೆ?”

“ನೂರ ಇಪ್ಪತ್ತೇಳು,” ಅಂದೆವು.

“ಅದೇ ರಾಶಿ ಸಂಖ್ಯೆ. ನಂಗೆ ಕುಡಿಸಿದ್ದರ ರಾಶಿ ಸಂಖ್ಯೆ ನೂರ ಮೂವತ್ತೊಂದು. ಪ್ರೋಟಾನ್ ಅಷ್ಟೇ, ಐವತ್ಮೂರು. ನ್ಯೂಟ್ರಾನ್ ಎಷ್ಟು?”

ಎಪ್ಪತ್ತೆಂಟು ಎಂದೆ ನಾನು.

“ನಾಲ್ಕು ಜಾಸ್ತಿ, ಪ್ರೋಟಾನ್ ಮಾತ್ರ ಅಷ್ಟೇ. ಅದಕ್ಕೇ ಇವೆರಡೂ ಒಂದೇ ಧಾತುವಿನ ಐಸೊಟೋಪುಗಳು. ಥೈರಾಯ್ಡ್‌ಗೆ ವ್ಯತ್ಯಾಸ ಗೊತ್ತಾಗಲ್ಲ, ಎರಡನ್ನೂ ಎಳ್ಕೊಳುತ್ತೆ. ಆದ್ರೆ ನಂಗೆ ಕುಡಿಸಿದ್ದು ಹಾಗೇ ಉಳಿಯಲ್ಲ. ಕಿರಣ ಬಿಟ್ಟು ಬೇರೆ ಧಾತು ಆಗ್ಬಿಡುತ್ತೆ. ಆ ಕಿರಣವೇ ಕ್ಯಾನ್ಸರ್ ಸುಡೋದು.”

“ಈಗ್ಲೂ ಇದೆಯಾ ಮೇಡಂ?” ಯಾರೋ ಹಿಂದಿನಿಂದ ಕೇಳಿದರು.

“ಹೆದರೋ ಅಷ್ಟಿಲ್ಲ ಕಣಪ್ಪಾ. ಮುಂದೆ ಬನ್ನಿ, ನಂಗೆ ಕೂಗಕ್ಕಾಗಲ್ಲ.”

ಒಬ್ಬೊಬ್ಬರಾಗಿ ಮುಂದೆ ಬಂದೆವು.

ಸಂಜೆ ಅಮ್ಮನಿಗೆ ಅದನ್ನೆಲ್ಲ ಹೇಳಿದೆ. ಅವಳು ಮಗ್ಗ ನಿಲ್ಲಿಸಿ ಕೇಳಿಸಿಕೊಂಡಳು. ಎಷ್ಟು ತಿಳಿಯಿತೋ... “ಉಪ್ಪಲ್ಲಿರೋದೇನಾ?” ಎಂದಷ್ಟೇ ಕೇಳಿದಳು. ಮರುದಿನ ಎದುರು ಮನೆಗೆ ಹೋಗಿ, “ಕಾಫಿ ಕೊಡಿ ಮೇಡಂ,” ಅಂದಳು. ಬೀದಿಯೆಲ್ಲ ನೋಡುವಂತೆ ಬಾಗಿಲಲ್ಲೇ ಕೂತು, ಅವರ ಮನೆಯ ಲೋಟದಲ್ಲೇ ಕುಡಿದಳು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ನಮ್ಮ ಕಿಟಕಿಯಿಂದ ಕಾಣಿಸಿತು. ಮರುವಾರದಿಂದ ಟ್ಯೂಷನ್ ಮತ್ತೆ ಶುರುವಾಯಿತು.

ನಾನು ಪಿಯುಸಿ ಮುಗಿಸುವ ಹೊತ್ತಿಗೆ ಕಾಯಿಲೆ ಶ್ವಾಸಕೋಶಕ್ಕೆ ಹರಡಿತ್ತು. ಮತ್ತೆ ಕುಡಿಸಿದ ಅಯೋಡಿನ್ನನ್ನು ಆ ಗಡ್ಡೆಗಳು ಹೀರಿಕೊಳ್ಳಲೇ ಇಲ್ಲ. ಕೊನೆಯ ತಿಂಗಳುಗಳಲ್ಲಿ ಅಮ್ಮನೇ ಅವರಿಗೆ ಗಂಜಿ ಕುಡಿಸಿದಳು. ಬೇಸಿಗೆ ಕಳೆಯುವ ಮೊದಲೇ ಹೋಗಿಬಿಟ್ಟರು...

ಈಗ ನಾನೂ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹತ್ತಿರದ ಶಾಲೆಯೊಂದರಲ್ಲಿ ಅದೇ ಪಾಠ ಮಾಡುತ್ತೇನೆ. ಈ ಸಲ ಮೇಡಂ ಬಗ್ಗೆ ಮಕ್ಕಳಿಗೆ ಹೇಳಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಹೇಳಲು ಹೊರಟು ಬೋರ್ಡಿನ ಮೇಲೆ ಅಯೋಡಿನ್ ಎಂದು ಬರೆಯುತ್ತೇನೆ, ಮಕ್ಕಳು ತಲೆಯೆತ್ತಿ ನೋಡುತ್ತಾರೆ. ಅದನ್ನು ಒರೆಸಿ, ಪುಸ್ತಕದಲ್ಲಿರುವ ಇಂಗಾಲ, ಕ್ಲೋರಿನ್‌ಗಳ ಉದಾಹರಣೆ ಕೊಟ್ಟು ಮುಗಿಸಿಬಿಡುತ್ತೇನೆ.