ಉಲ್ಟಾ ಸುತ್ತಿದ ಕ್ಯಾಸೆಟ್ಟು

ಆ ಗಾಯಕನ ಮೊದಲ ಕ್ಯಾಸೆಟ್ಟು ನಮ್ಮ ರಾಮನಗರವನ್ನು ಒಂದು ವರ್ಷ ಪೂರ್ತಿ ಕುಣಿಸಿತ್ತು. ಕನಕಪುರದ ಬಸ್ಸು ಹತ್ತಿದರೆ ಅದೇ, ಮದುವೆಯ ಮೈಕ್‌ಸೆಟ್ಟಿನಲ್ಲಿ ಅದೇ, ಗಣೇಶ ಬಿಡುವಾಗಲೂ ಅದೇ. ಹಾಗಾಗಿ ಕಾಲೇಜು ವಾರ್ಷಿಕೋತ್ಸವಕ್ಕೆ ಹೆಸರು ಕೊಡಲು ನಾವು ಹೋಗುವಷ್ಟರಲ್ಲಿ ಅದರ ಒಳ್ಳೊಳ್ಳೆ ಹಾಡುಗಳನ್ನೆಲ್ಲ ಕಾಮರ್ಸಿನ ಹುಡುಗಿಯರು ಹಿಡಿದಾಗಿತ್ತು. ಸೋಲೊಪ್ಪದ ನನ್ನ ಗೆಳತಿ, ನಾವು ನಾಲ್ವರು ಅವನ ಹೊಸ ಕ್ಯಾಸೆಟ್ಟಿನ ಮೊದಲ ಹಾಡಿಗೆ ಕುಣಿಯುತ್ತೇವೆ ಅಂತ ಮೇಡಮ್ ಹತ್ತಿರ ಬರೆಸಿಯೇಬಿಟ್ಟಳು. ಆ ಕ್ಯಾಸೆಟ್ಟು ಇನ್ನೂ ಅಂಗಡಿಗೇ ಬಂದಿರಲಿಲ್ಲ. ಕಾಮರ್ಸಿನವರು ನಕ್ಕರು.

ಬಂದದ್ದು ಗುರುವಾರ, ಕಾರ್ಯಕ್ರಮ ಶನಿವಾರ. ಹಳೆಯದರ ಕವರಿನ ಮೇಲೆ ಕೂಲಿಂಗ್ ಗ್ಲಾಸ್ ಹಾಕಿ ನಿಂತಿದ್ದವನು ಇದರ ಮೇಲೆ ಇರಲೇ ಇಲ್ಲ. ಒಂದು ಹೂವು, ಹೂವಿನ ನಡುವೆ ಕಣ್ಣು, ಕಣ್ಣೊಳಗೆ ಮತ್ತೆ ಹೂವು, ಸುತ್ತ ಹೋಳಿಯ ಬಣ್ಣವೆಲ್ಲ ಕಲೆಸಿಹೋದ ಹಾಗೆ. ನಮ್ಮ ಹಜಾರದ ಚಾಪೆ ಸುತ್ತಿಟ್ಟು, ವೇಲು ಸೊಂಟಕ್ಕೆ ಕಟ್ಟಿ, ನಾಲ್ವರೂ ನಿಂತೆವು. ತಂಬೂರಿ ಮಿಡಿಯಿತು. ನೀರು ತೊಟ್ಟಿಕ್ಕಿತು. ಮನುಷ್ಯರದೋ ಅಲ್ಲವೋ ತಿಳಿಯದ ಒಂದು ಧ್ವನಿ ಏನೋ ನುಂಗುತ್ತಾ ಹೋಯಿತು. ನಾಲ್ಕು ನಿಮಿಷವಾದರೂ ಡೋಲು ಬರಲಿಲ್ಲ. ಎತ್ತಿದ ಕೈ ಇಳಿಸಿ, ಟೇಪು ಸಿಕ್ಕಾಗಿರಬೇಕು ಅಂತ ತೀರ್ಮಾನಿಸಿದೆವು.

ಸಿಕ್ಕು ಅಂದರೆ ನಮ್ಮ ಬೀದಿಗೆ ಒಬ್ಬರೇ ವೈದ್ಯರು, ಪಕ್ಕದ ಮನೆಯ ಚಾಚಾ. ಅವರದು ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಚಾಚಾ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಟೇಪನ್ನು ಒಂದು ಖಾಲಿ ರೀಲಿಗೆ ಎಳೆದುಕೊಂಡು, ನೂಲು ನೋಡುವ ಹಾಗೇ ಎರಡು ಬೆರಳ ನಡುವೆ ಹಾಯಿಸಿ ನೋಡಿದರು. ಎಲ್ಲೂ ಕಡಿದಿರಲಿಲ್ಲ. ಮತ್ತೆ ಒಳಗೆ ಸುತ್ತಿಕೊಟ್ಟರು. ಸುತ್ತುವಾಗ ಟೇಪಿನ ಒಳಮೈ ಹೊರಕ್ಕೆ ತಿರುಗಿದ್ದು ಯಾರಿಗೂ ಕಾಣಲಿಲ್ಲ.

ಅಲ್ಲೇ ಶೆಡ್ಡಿನ ಟೇಪ್‌ರೆಕಾರ್ಡರಿಗೆ ಹಾಕಿದರೆ, ಈಗ ಹಾಡೇ ಹಿಂದುಮುಂದಾಗಿ ಓಡತೊಡಗಿತು, ಅದೂ ಕಂಬಳಿ ಹೊದ್ದ ಹಾಗೆ ಮಂಕಾಗಿ. ಆದರೆ ಆ ನುಂಗುವ ಧ್ವನಿ ಬರುವ ಹೊತ್ತಿಗೆ ಅದೊಂದು ಮಾತ್ರ ನೆಟ್ಟಗಾಗಿ, ಒಬ್ಬ ಹೆಂಗಸಿನ ಮಾತಾಯಿತು:

"ಉಣ್ಣಾಕೆ ಬಾರ್ಲಾ ಮಗ, ಮುದ್ದೆ ಆರೋಯ್ತದೆ."

ಬಿಸಿನೀರಿನಲ್ಲಿ ಗೂಡು ಆಡಿಸುತ್ತಿದ್ದ ಚಾಚಿ ಕೈ ನಿಲ್ಲಿಸಿ, ಇನ್ನೊಂದು ಸಲ ಹಾಕು ಅಂದರು. ಚಾಚಾ ಮಾತ್ರ ತಲೆ ಕೆರೆದುಕೊಂಡರು.

"ಎಳೆ ಸರಿಯಾಗೇ ಐತೆ ಬೇಟಿ. ಆ ಹಾಡೋನೇ ಬೇಕಂತ ಆ ಮಾತ್ನ ಉಲ್ಟಾ ಸುತ್ತವ್ನೆ."

ಟೇಪನ್ನು ಮತ್ತೆ ಮೊದಲಿನಂತೆ ಸುತ್ತಿಸಿಕೊಂಡು ಹಾಕಿದೆವು. ನಮ್ಮಲ್ಲಿಬ್ಬರು, ಹೆಸರು ವಾಪಸು ತಗೊಳ್ಳೋಣ ಅಂದರು. ನಾನು ಚಾಚಿಯ ಕೈಯನ್ನೇ ನೋಡುತ್ತಿದ್ದೆ. ನೀರೊಳಗೆ ಬೆರಳಾಡಿಸಿ, ಕಾಣದ ತುದಿ ಹಿಡಿದು, ಮೇಲಕ್ಕೆ ಕೊಟ್ಟು, ಮತ್ತೆ ನೀರಿಗೆ. ಹಿಂದೆ ನೂಲು ಸುತ್ತುವ ಚರಕ ತಿರುಗುತ್ತಲೇ ಇತ್ತು. ಆ ತಂಬೂರಿಗೂ ಅದಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತಿತ್ತು ಅಂದರೆ, ಡೋಲಿನ ಮಾತೇ ಮರೆತುಹೋಯಿತು. ಚಾಚಿಯ ಈ ಕೆಲಸವನ್ನೇ ಕುಣಿತ ಮಾಡೋಣ ಅಂದೆ. ಶುಕ್ರವಾರವೆಲ್ಲ ಶೆಡ್ಡಿನಲ್ಲೇ ಅಭ್ಯಾಸ. ಬೆರಳು ಬಾಗಿಸಿದ್ದು ಸಾಲದು ಅಂತ ಚಾಚಿ ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ತಿದ್ದುತ್ತಿದ್ದರು.

ಶನಿವಾರ ವೇದಿಕೆಯ ಮೇಲೆ ಬಗ್ಗಿ, ಬೆರಳಾಡಿಸುತ್ತಾ ನಿಂತೆವು. ಎರಡು ನಿಮಿಷಕ್ಕೇ ಸೀಟಿ ಶುರುವಾಯಿತು. ಟೇಪ್ ಸಿಕ್ಕಾಕ್ಕೊಂಡೈತೆ ಅಂತ ಯಾರೋ ಕೂಗಿದರು. ಮೈಕ್‌ಸೆಟ್ಟಿನವನು ನಿಲ್ಲಿಸಲು ಕೈ ಚಾಚಿದ. ಗೆಳತಿ ಬಗ್ಗಿದ ಭಂಗಿ ಬಿಡದೆ ಅವನತ್ತ ತಿರುಗಿದಳು.

"ಮುಟ್ಬೇಡ ಕಣಣ್ಣ, ಅದು ಕೆಟ್ಟಿಲ್ಲ. ಹಾಡೇ ಹಂಗೆ."

ಸಭೆಗೆ ಸಭೆಯೇ ನಕ್ಕಿತು. ಅವನೂ ನಕ್ಕು ಕೈ ಹಿಂದಕ್ಕೆ ತೆಗೆದ. ಆಮೇಲೆ ನಗುವೂ ನಿಂತಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಮನೆಯಲ್ಲಿ ರೇಷ್ಮೆ ಬಿಚ್ಚಾಣಿಕೆಯೇ ಇದ್ದಿರಬೇಕು, ನಮ್ಮ ಜೊತೆ ಬೆರಳಾಡಿಸತೊಡಗಿದ್ದಳು. ಆ ನುಂಗುವ ಧ್ವನಿ ಬಂತು. ಏನು ಹೇಳುತ್ತಿದೆ ಅಂತ ಅಷ್ಟು ಜನರಲ್ಲಿ ನಮಗೆ ನಾಲ್ವರಿಗೇ ಗೊತ್ತು. ಆಡಿಸುತ್ತಿದ್ದ ಕೈ ತಡೆದು, ವೇಲಿನ ತುದಿಗೆ ಒರೆಸಿಕೊಂಡು, ಊಟಕ್ಕೆ ಎದ್ದವರ ಹಾಗೆ ಒಬ್ಬೊಬ್ಬರಾಗಿ ಒಳಗೆ ನಡೆದೆವು.